ತಲೆಯ ಮೇಲೆ ಮೂರು ಪದರ

ಊರಿನ ಅರ್ಧ ಮನೆಗಳಿಗೆ ಸೀಲಿಂಗ್ ಕೂರಿಸಿದವನ ಸ್ವಂತ ಮನೆಗೆ ಸೀಲಿಂಗ್ ಇರಲಿಲ್ಲ. ದೀಪದ ಕೆಳಗೆ ಕತ್ತಲೆ ಎಂದು ನಗುವವರು ನಗಲಿ, ಅದಕ್ಕೊಂದು ಕಾರಣವಿತ್ತು. ಕೆಳಗಿನ ಕೋಣೆಗಳಲ್ಲಿ ಮಲಗಿ ಕಣ್ಣು ಬಿಟ್ಟರೆ ಕಾಣುತ್ತಿದ್ದುದು ಅವನ ಅಪ್ಪ ಕೈಯಾರೆ ಕೂರಿಸಿದ ತೊಲೆಗಳು, ತೊಲೆಗಳ ಮೇಲೆ ಸಾಲಾಗಿ ಹೊಡೆದ ಹಲಗೆಗಳು. ಕಿರಿಮಗನ ಮದುವೆಯಾದಾಗ ಮೇಲೊಂದು ಹಾಲ್ ಬೇಕೆಂದು ಹಳೆಯ ಬಡಗಿಯಾದ ಅಪ್ಪ ಒಬ್ಬನೇ ನಿಂತು ಮಾಡಿದ ಕೆಲಸ ಅದು. ಮನೆಗೆ ಬಂದವರು ಕೂರುವ ಮೊದಲೇ ಮುದುಕ "ಮೇಲೆ ನೋಡಿ" ಅನ್ನುತ್ತಿದ್ದ, ಅವರ ಕತ್ತು ನೋಯುವವರೆಗೆ ಬಿಡುತ್ತಿರಲಿಲ್ಲ.

ತೊಂದರೆ ಏನೆಂದರೆ ಆ ಹಲಗೆಗಳು ನೋಡಲು ಚೆಂದ, ಸದ್ದಿಗೆ ಜರಡಿ. ಮೇಲಿನ ಹಾಲ್‌ನಲ್ಲಿ ಕಿರಿಸೊಸೆಯ ಹೊಲಿಗೆ ಮಿಷನ್ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಅವಳ ಗಂಡ ಲಾರಿ ಓಡಿಸುವವನು, ಮನೆಗೆ ಬಂದರೆ ನೆಂಟ. ಕೆಳಗಿನ ಹಿರಿಸೊಸೆ, ಸೀಲಿಂಗ್‌ನವನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸು, ಈಚೆಗೆ ಅವಳಿಗೆ ರಾತ್ರಿ ಪಾಳಿಯೇ ಕಾಯಂ ಆಗಿತ್ತು. ಬೆಳಿಗ್ಗೆ ಅವಳು ಬಂದು ದಿಂಬಿಗೆ ತಲೆ ಕೊಡುವ ಹೊತ್ತಿಗೆ ಸರಿಯಾಗಿ ಮೇಲಿನವಳು ಪೆಡಲ್ ಮೇಲೆ ಕಾಲಿಡುತ್ತಿದ್ದಳು. ಇಬ್ಬರದೂ ತಪ್ಪಲ್ಲ. ತಪ್ಪು ಯಾರದೂ ಅಲ್ಲದ ಜಗಳ ಮನುಷ್ಯರನ್ನು ಸುಸ್ತು ಮಾಡುವಷ್ಟು ಇನ್ಯಾವುದೂ ಮಾಡುವುದಿಲ್ಲ.

ಮಿಷನ್ ಕಾಲ ಕೆಳಗೆ ಕಂಬಳಿ ಮಡಿಸಿ ಹಾಕಿದ್ದಾಯಿತು. ಆ ಮೂಲೆಯಿಂದ ಈ ಮೂಲೆಗೆ ತಳ್ಳಿದ್ದಾಯಿತು. ಸದ್ದು ಹಲಗೆ ಹಿಡಿದುಕೊಂಡೇ ಬಂತು. ಬೀದಿ ಕಡೆಯ ಕೋಣೆ ಅತ್ತೆ ಮಾವಂದಿರದು. ಅಲ್ಲಿ ಮಲಗೋಣವೆಂದರೆ ಮಿಷನ್ ಜೊತೆಗೆ ಬಸ್ಸಿನ ಹಾರ್ನೂ ಸಿಗುತ್ತಿತ್ತು. ನರ್ಸು ಕಿವಿಗೆ ಹತ್ತಿ ತುರುಕಿಕೊಂಡಳು, ತಲೆಯ ಮೇಲೆ ಇನ್ನೊಂದು ದಿಂಬು ಹೇರಿಕೊಂಡಳು.

"ಹತ್ತಿ ಸದ್ದನ್ನ ತಡೆಯುತ್ತೆ ರೀ, ನಡುಕಾನ ಏನು ಮಾಡ್ಲಿ? ಮಂಚಾನೇ ಹೊಲಿಗೆ ಹಾಕ್ತಾ ಇರುತ್ತೆ" ಎಂದು ಗಂಡನಿಗೆ ಹೇಳಿದಳು.

ಒಂದು ಬೆಳಿಗ್ಗೆ ಬಂದವಳು ಟೀ ಲೋಟ ಮುಟ್ಟಲಿಲ್ಲ. ಚಪ್ಪಲಿ ಬಿಚ್ಚದೆ ಮಂಚದ ತುದಿಯಲ್ಲಿ ಕೂತಳು. ಗಂಡ ಕೆಲಸಕ್ಕೆ ಹೊರಟವನು ನಿಂತ.

"ಏನಾಯ್ತು?"

"ಒಬ್ಬರ ಇಂಜೆಕ್ಷನ್ನು ಇನ್ನೊಬ್ಬರ ಕೈಗೆ ಚುಚ್ಚೋದ್ರಲ್ಲಿದ್ದೆ. ಜೊತೆಯವಳು ನೋಡಿ ಕೈ ಹಿಡ್ಕೊಂಡ್ಳು."

"ಏನೂ ಆಗ್ಲಿಲ್ವಲ್ಲ."

"ಆಗ್ಲಿಲ್ಲ. ಇನ್ನೊಂದು ಸಲ ಹೀಗಾದ್ರೆ ವಾರ್ಡಿನ ಕಡೆ ಮುಖ ಹಾಕ್ಬೇಡ ಅಂದ್ರು ಹೆಡ್ ನರ್ಸು. ಅವರಂದಿದ್ದು ಬಿಡಿ. ಆ ಸೂಜಿ ಒಳಗೆ ಹೋಗಿದ್ರೆ? ಮಲಗಿದ್ದೋಳು ನಮ್ಮತ್ತೆ ವಯಸ್ಸಿನೋಳು ರೀ."

ಮೇಲೆ ಮಿಷನ್ ಶುರುವಾಯಿತು. ಇಬ್ಬರೂ ಒಟ್ಟಿಗೆ ತಲೆ ಎತ್ತಿ ಅಪ್ಪನ ಹಲಗೆಗಳನ್ನು ನೋಡಿದರು.

ಆ ದಿನ ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ. ಸೀಲಿಂಗ್‌ನವನು ಎರಡು ತುತ್ತು ನುಂಗಿ ಧೈರ್ಯ ತಂದುಕೊಂಡ.

"ಅಪ್ಪಾ, ನಮ್ಮ ಕೋಣೆಗೆ ಸೀಲಿಂಗ್ ಹಾಕೋಣ ಅಂತ."

"ಇದೆಯಲ್ಲ."

"ಅದರ ಕೆಳಗೆ ಬೋರ್ಡು."

"ಯಾವ ಬೋರ್ಡು? ಕಾಗದದ ಮಧ್ಯೆ ಸುಣ್ಣ ತುಂಬಿರ್ತಾರಲ್ಲ, ಅದಾ?"

"ಜಿಪ್ಸಮ್ ಅಪ್ಪ."

"ಅದೇ, ಸುಣ್ಣದ ತಮ್ಮ. ಉಗುರಲ್ಲಿ ಕೆರೆದ್ರೆ ಉದುರುತ್ತೆ. ನನ್ನ ಮರಾನ ಅದ್ರಲ್ಲಿ ಮುಚ್ತೀಯಾ?"

ಅತ್ತೆ ಮುದುಕನ ತಟ್ಟೆಗೆ ಕೇಳದೆಯೇ ಬೇಳೆ ಸುರಿದಳು. "ಮುಚ್ಚಿದ್ರೆ ಮರ ಎಲ್ಲಿಗೂ ಓಡಿಹೋಗಲ್ಲ. ಹುಡುಗಿ ಕಣ್ಣು ನೋಡಿದ್ರಾ? ಗುಳಿ ಬಿದ್ದು ಬಾವಿ ಆಗಿದೆ."

ಮುದುಕ ಅನ್ನ ಕಲಸಿದ, ಕಲಸುತ್ತಲೇ ಇದ್ದ. "ಹಾಕೋದಾದ್ರೆ ನಾನೂ ಇರ್ತೀನಿ. ನನ್ನ ತೊಲೆಗೆ ಸಿಕ್ಕಸಿಕ್ಕಲ್ಲಿ ತೂತು ಕೊರೀಬೇಡ" ಎಂದ.

ರಜೆಯ ದಿನ ಮಂಚವನ್ನು ಹೊರಗಿಟ್ಟು ಅಪ್ಪ ಮಗ ಕೆಲಸಕ್ಕೆ ನಿಂತರು. ತೊಲೆಗಳಿಗೆ ಅಡ್ಡಲಾಗಿ ಚಾನಲ್ ಎನ್ನುವ ತಗಡಿನ ಪಟ್ಟಿ, ಚಾನಲ್‌ಗೆ ಸ್ಕ್ರೂ ಹೊಡೆದು ಬೋರ್ಡು. ಬೋರ್ಡು ನೋಡಲು ಹಗುರ, ತಲೆಯ ಮೇಲೆ ಎತ್ತಿ ಹಿಡಿದಾಗ ಅದರ ನಿಜ ಬಣ್ಣ ಬಯಲಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಮಗ ಗೋಡೆಯ ಕಡೆ ದೂಡಿದರೆ ಅಪ್ಪ ಕಿಟಕಿಯ ಕಡೆ ಎಳೆದ.

"ಬೆಳಕಿನ ಮೂಲೆಯಿಂದ ಶುರು ಮಾಡು. ಬಡಗಿ ಯಾವತ್ತೂ ಕಿಟಕಿ ಮೂಲೆಯಿಂದ ಶುರು ಮಾಡ್ತಾನೆ."

"ಹೂಂ ಅಪ್ಪ."

ಮೊದಲ ಪದರ ಮುಗಿಯಿತು. ಸೀಲಿಂಗ್‌ನವನು ಮೆಟ್ಟಿಲು ಹತ್ತಿ ಹೋಗಿ ತಮ್ಮನ ಹೆಂಡತಿಗೆ, "ಈಗ ಹೊಲಿಯಮ್ಮಾ, ನೋಡೋಣ" ಎಂದ. ಅವಳು ಹೊಲಿದಳು. ಕೆಳಗೆ ಕಟಕಟ ಹೋಗಿತ್ತು, ಗುಡುಗುಡು ಉಳಿದಿತ್ತು. ಮಾರನೆಯ ದಿನ ಮನೆಮಂದಿಯೆಲ್ಲ ಕೇಳಿದರು, "ನಿದ್ದೆ ಬಂತಾ?" ನರ್ಸು "ಪರವಾಗಿಲ್ಲ" ಎಂದಳು. ಪರವಾಗಿಲ್ಲ ಎಂಬ ಮಾತಿನಷ್ಟು ಸುಳ್ಳನ್ನು ಈ ಭಾಷೆಯಲ್ಲಿ ಬೇರೆ ಯಾವ ಮಾತೂ ಹೊತ್ತಿಲ್ಲ.

ಮುಂದಿನ ರಜೆಗೆ ಎರಡನೆಯ ಪದರ. ಈ ಕೆಲಸದಲ್ಲಿ ಒಂದು ನಿಯಮ ಉಂಟು, ಗಾರೆ ಕೆಲಸದವರ ಇಟ್ಟಿಗೆಯ ಹಾಗೆಯೇ. ಕೆಳಗಿನ ಪದರದಲ್ಲಿ ಬೋರ್ಡುಗಳು ಕೂಡುವ ಸಂದು ಮೇಲಿನ ಪದರದ ಸಂದಿನ ನೇರಕ್ಕೆ ಬರಬಾರದು, ಬಂದರೆ ಎರಡು ಹಾಕಿಯೂ ಒಂದೇ. ಸೀಲಿಂಗ್‌ನವನು ಈ ತಪ್ಪು ಮಾಡಿದ ಆಳುಗಳನ್ನು ಬೈದು ಬೋರ್ಡು ಬಿಚ್ಚಿಸಿದವನು. ಆದರೆ ಅಪ್ಪ ಆಗಲೇ ಅದೇ ಕಿಟಕಿಯ ಮೂಲೆಯಲ್ಲಿ ನಿಂತಿದ್ದ. "ಇಲ್ಲಿಂದ" ಎಂದ. ಮಗ ಅಪ್ಪನ ಮುಖ ನೋಡಿದ. ತನ್ನ ಮರ ಮುಚ್ಚಿಹೋದ ಮೇಲೆ ಮುದುಕನಿಗೆ ತನ್ನದೆಂದು ಉಳಿದಿದ್ದುದು ಆ ಮೂಲೆಯೊಂದೇ.

"ಹೂಂ" ಎಂದು ಅಲ್ಲಿಂದಲೇ ಶುರು ಮಾಡಿದ. ಸಂದಿನ ಮೇಲೆ ಸಂದು ಸಾಲಾಗಿ ಕೂತವು.

ಸದ್ದು ಇದ್ದ ಹಾಗೇ ಇತ್ತು. ಅದೇ ವಾರ ಶಾಲೆಗಳು ತೆರೆಯುವ ಹೊತ್ತು. ಮೇಲೆ ಯೂನಿಫಾರ್ಮ್ ಬಟ್ಟೆ ಬೆಟ್ಟದಂತೆ ಬಿದ್ದಿತ್ತು, ಮಿಷನ್‌ಗೆ ಉಸಿರಾಡಲು ಬಿಡುವಿರಲಿಲ್ಲ. ಒಂದು ಮಧ್ಯಾಹ್ನ ನರ್ಸು ಕೂದಲು ಕೆದರಿಕೊಂಡು ಎದ್ದು ಬಂದು ಮೆಟ್ಟಿಲ ಅರ್ಧದಲ್ಲಿ ನಿಂತು ಕೂಗಿದಳು.

"ನಿನ್ನ ಕಾಲು ಒಂದು ಗಳಿಗೆ ಸುಮ್ನಿರಲ್ವೇನೇ?"

ಮೇಲಿನವಳು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಾಗಿಲಿಗೆ ಬಂದಳು. "ಶಾಲೆ ಶುರುವಾಗುತ್ತೆ ಅಕ್ಕ. ಈಗ ಹೊಲೀದೆ ಯಾವಾಗ ಹೊಲೀಲಿ?"

"ಹೊಲಿ! ನನ್ನ ರೆಪ್ಪೆ ಎರಡನ್ನೂ ಸೇರಿಸಿ ಹೊಲಿದುಬಿಡು. ಹಾಗಾದ್ರೂ ಕಣ್ಣು ಮುಚ್ಕೊಳ್ಳುತ್ತೆ!"

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಕ್ಕ."

"ನನ್ನ ಕೈಯಲ್ಲಿ ಯಾರಾದ್ರೂ ಸಾಯ್ಲಿ ಅಂತೀಯಾ?"

ಕೆಳಗೊಂದು, ಮೇಲೊಂದು ಬಾಗಿಲು ಮುಚ್ಚಿಕೊಂಡಿತು. ವಾರಗಿತ್ತಿಯರಿಬ್ಬರೂ ಬೇರೆ ಬೇರೆ ಅಂತಸ್ತಿನಲ್ಲಿ ಅತ್ತರು. ಆಮೇಲೆ ಮಾತೆಲ್ಲ ಅತ್ತೆಯ ಮೂಲಕವೇ ನಡೆಯಿತು. ಅವಳು ತಟ್ಟೆ ಹಿಡಿದು ಮೇಲೆ ಹತ್ತುತ್ತಾ ಕೆಳಗೆ ಇಳಿಯುತ್ತಾ, "ಒಂದೇ ಒಲೆ, ಎರಡು ಮನೆ. ನನ್ನ ಮಂಡಿಗೇ ಈ ಜಗಳದ ಶಿಕ್ಷೆ" ಎಂದು ಗೊಣಗಿದಳು.

ಸೀಲಿಂಗ್‌ನವನು ಅಪ್ಪನ ಪಕ್ಕ ಜಗುಲಿಯಲ್ಲಿ ಕೂತು ಕೊನೆಗೂ ಬಾಯಿ ಬಿಟ್ಟ.

"ಮೂರನೇದು ಹಾಕ್ಬೇಕಪ್ಪ."

"ಎರಡಕ್ಕೆ ನಿಲ್ಲದ್ದು ಮೂರಕ್ಕೆ ನಿಲ್ಲುತ್ತಾ?"

"ಎರಡರದ್ದೂ ಸಂದಿನ ಮೇಲೆ ಸಂದು ಬಂದಿದೆ. ಸದ್ದು ನೀರಿದ್ದ ಹಾಗೆ, ದಾರಿ ಸಿಕ್ರೆ ಸಾಕು. ಬೇರೆ ಮೂಲೆಯಿಂದ ಶುರು ಮಾಡ್ಬೇಕಿತ್ತು."

ಮುದುಕ ಅವನ ಕಡೆ ತಿರುಗಿದ. "ನಿನಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಸ್ಕ್ರೂ."

ಅದು ನಿಜವೇ. ಕೆಲಸದಲ್ಲಿ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ಅವನ ಅಭ್ಯಾಸ. ಮುದುಕ ನಗಲಿಲ್ಲ. ಬೀದಿಯಲ್ಲಿ ಒಂದು ಬಸ್ಸು ಹೋಯಿತು, ಇನ್ನೊಂದು ಬಂತು.

"ನಾನು ಹೇಳಿದ್ದಕ್ಕೆಲ್ಲ ಹೂಂ ಅಂದು ನನ್ನನ್ನ ಮೂರ್ಖ ಮಾಡ್ದೆ" ಎಂದ. ಮತ್ತೆ, "ಬೋರ್ಡು ಹಿಡಿಯೋಕಾದ್ರೂ ಬರ್ಲಾ, ಅದೂ ಬೇಡ್ವಾ?"

"ಬನ್ನಿ ಅಪ್ಪ. ನೀವಿಲ್ದೆ ಎತ್ತೋಕಾಗಲ್ಲ."

ಮೂರನೆಯದನ್ನು ಬಾಗಿಲ ಕಡೆಯಿಂದ ಅರ್ಧ ಬೋರ್ಡು ಕತ್ತರಿಸಿ ಶುರು ಮಾಡಿದರು. ಸಂದುಗಳು ತಪ್ಪಿ ತಪ್ಪಿ ಕೂತವು. ಗೋಡೆಯ ಅಂಚಿನ ಸುತ್ತ ಒಣಗಿದ ಮೇಲೂ ರಬ್ಬರಿನಂತೆ ಮೆತ್ತಗಿರುವ ಪೇಸ್ಟ್ ತುಂಬಿದರು. ಮುದುಕ ಇಡೀ ದಿನ ಒಂದೂ ಸಲಹೆ ಕೊಡಲಿಲ್ಲ, ಅದನ್ನು ನೋಡಲು ಆಗದೆ ಮಗನೇ ಎರಡು ಸಲ, "ಸರೀನಾ ಅಪ್ಪ?" ಎಂದು ಕೇಳಿದ. ಕೋಣೆಯ ಎತ್ತರ ಇಳಿದುಹೋಗಿತ್ತು. ಅಷ್ಟು ಭಾರ ಹೊತ್ತೂ ಹಳೆಯ ತೊಲೆಗಳು ಕಿರ್ರೆನ್ನಲಿಲ್ಲ. ಅದನ್ನು ಮುದುಕ ಮಾತ್ರ ಗಮನಿಸಿದ.

ಮಾರನೆಯ ದಿನ ನರ್ಸು ಬೆಳಿಗ್ಗೆ ಮಲಗಿದವಳು ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ಎದ್ದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಎದ್ದವಳೇ ಗಂಡನ ಮುಂದೆ ನಿಂತು, "ಏನೂ ಕೇಳ್ಲಿಲ್ಲ ರೀ. ಒಂದು ಚೂರೂ!" ಎಂದು ಚಿಕ್ಕ ಹುಡುಗಿಯಂತೆ ನಕ್ಕಳು. ಅವತ್ತು ಸೀಲಿಂಗ್‌ನವನು ಎರಡು ಇಂಚು ಎತ್ತರವಾದ. ಕೆಲಸದ ಜಾಗದಲ್ಲಿ ಕೇಳಿದವರಿಗೂ ಕೇಳದವರಿಗೂ ಮೂರು ಪದರದ ಕಥೆ ಹೇಳಿದ.

ವಾರಗಳು ಹೋದವು. ನರ್ಸಿನ ಕಣ್ಣ ಸುತ್ತಲ ಕಪ್ಪು ತಿಳಿಯಾಯಿತು, ಊಟ ಸೇರಿತು. ಆದರೆ ಅತ್ತೆ ಒಲೆಯ ಮುಂದೆ ನಿಂತೇ ಹಾಲು ಉಕ್ಕಿಸತೊಡಗಿದಳು. ಪಲ್ಯಕ್ಕೆ ಒಂದು ದಿನ ಎರಡು ಸಲ ಉಪ್ಪು, ಇನ್ನೊಂದು ದಿನ ಉಪ್ಪೇ ಇಲ್ಲ. ಮಾವ ಟೀ ಲೋಟ ಕೈಯಲ್ಲಿ ಹಿಡಿದೇ ತೂಕಡಿಸಿ ಲುಂಗಿಯ ಮೇಲೆ ಚೆಲ್ಲಿಕೊಂಡ.

"ಅತ್ತೆ, ಕೈ ಕೊಡಿ, ಬಿಪಿ ನೋಡ್ತೀನಿ."

"ಬಿಪಿನೂ ಇಲ್ಲ ಗಿಪಿನೂ ಇಲ್ಲ. ವಯಸ್ಸಾಯ್ತು ಬಿಡಮ್ಮ."

"ಇಬ್ಬರಿಗೂ ಒಂದೇ ವಾರ ವಯಸ್ಸಾಯ್ತಾ?"

"ಗಂಡ ಹೆಂಡ್ತಿ ಅಂದ್ಮೇಲೆ ಒಟ್ಟಿಗೇ ಆಗ್ಬೇಕಲ್ವಾ?" ಎಂದು ಅತ್ತೆ ಮಾತು ತೇಲಿಸಿದಳು.

ಒಂದು ಮಧ್ಯಾಹ್ನ ನರ್ಸು ಸ್ವಲ್ಪ ಬೇಗನೆ ಎದ್ದಳು. ಅವಳ ಬಿಳಿ ಯೂನಿಫಾರ್ಮಿನ ಪಕ್ಕದ ಹೊಲಿಗೆ ಬಿಟ್ಟಿತ್ತು. ಅದು ಬರೀ ನೆಪ. ಚೆನ್ನಾಗಿ ನಿದ್ದೆ ಮಾಡಿದವರಿಗೆ ಹಳೆಯ ಜಗಳ ನಾಚಿಕೆ ತರಿಸುತ್ತದೆ, ಅವಳಿಗೂ ತರಿಸಿತ್ತು. ಬಟ್ಟೆ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ಹತ್ತುತ್ತಿದ್ದಂತೆ ಒಂದು ವಿಷಯ ತಲೆಗೆ ಹೊಳೆಯಿತು, ಮೆಟ್ಟಿಲಿಗೆ ಯಾರೂ ಬೋರ್ಡು ಹೊಡೆದಿರಲಿಲ್ಲ, ಆದರೂ ಸದ್ದಿರಲಿಲ್ಲ.

ಮಿಷನ್ ಮೇಲೆ ಹಳೆಯ ಹೊದಿಕೆ ಮುಚ್ಚಿತ್ತು. ಪಕ್ಕದಲ್ಲಿ ಯೂನಿಫಾರ್ಮ್ ರಾಶಿಗೆ ಒರಗಿ ಮೇಲಿನವಳು ನಿದ್ದೆಹೋಗಿದ್ದಳು, ಕೊರಳಲ್ಲಿ ಟೇಪು ಹಾಗೇ ಇತ್ತು. ಬಾಗಿಲ ಸದ್ದಿಗೆ ಬೆಚ್ಚಿ ಎದ್ದು ಕೂತಳು.

"ನಾನಲ್ಲ ಅಕ್ಕ, ನಾನು ಮಿಷನ್ ಮುಟ್ಟೇ ಇಲ್ಲ!"

"ಗೊತ್ತಾಯ್ತು. ಹಗಲಲ್ಲಿ ಮಲಗಿದೀಯಲ್ಲ, ಹುಷಾರಿಲ್ವಾ?"

"ರಾತ್ರಿ ಹೊಲೀತೀನಲ್ಲ, ಅದಕ್ಕೆ..."

"ರಾತ್ರಿನಾ?"

"ನೀವು ಡ್ಯೂಟಿಗೆ ಹೋದ್ಮೇಲೆ."

"ಯಾವತ್ತಿಂದ?"

"ಮೂರನೇದು ಹಾಕಿದಾಗಿಂದ."

ನರ್ಸು ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಳು. "ಅಂದ್ರೆ ಹಗಲಲ್ಲಿ ಒಂದು ಸಲವೂ ಓಡಿಸಿ ನೋಡಿಲ್ಲ?"

"ಹೇಗೆ ಓಡಿಸ್ಲಿ ಅಕ್ಕ? ಮೊದಲನೇದು ಹಾಕ್ದಾಗ ಭಾವ ಬಂದು ಈಗ ಹೊಲಿ ಅಂದ್ರು. ಎರಡನೇದಕ್ಕೂ ಬಂದ್ರು. ಎರಡು ಸಲವೂ ಮಾರನೇ ದಿನ ನಿಮ್ಮ ಮುಖ ನೋಡಿದೆ, ಭಾವನ ಮುಖ ನೋಡಿದೆ. ಮೂರನೇ ಸಲ ನೋಡೋ ಧೈರ್ಯ ಬರ್ಲಿಲ್ಲ. ಈ ಸಲ ಅವರು ಬಂದಾಗ ನಾನೇ ಸುಳ್ಳು ಹೇಳ್ದೆ, ಆಗಲೇ ಓಡಿಸಿದೀನಿ ಅಂತ."

"ನಿನ್ನ ಭಾವನಿಗೆ ರಾತ್ರಿ ಕೇಳಲ್ವಾ?"

"ಭಾವನ ನಿದ್ದೆ ನಿಮಗೆ ಗೊತ್ತಲ್ಲ. ತಲೆ ಮೇಲೆ ಲಾರಿ ಓಡಿದ್ರೂ ಏಳಲ್ಲ."

"ಅತ್ತೆ ಮಾವಂಗೆ?"

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮುದುಕರ ಕೋಣೆಗೆ ಬೋರ್ಡಿಲ್ಲ, ಬರೀ ಹಲಗೆ. "ಅತ್ತೆ ಹೊಲಿ ಅಂದ್ರು. ಯಾರಿಗೂ ಹೇಳ್ಬೇಡ ಅಂದ್ರು."

ನರ್ಸು ಕೆಳಗಿಳಿದು ನೇರ ಅಡುಗೆಮನೆಗೆ ಬಂದಳು. ಅವಳಿಗೆ ಸಿಟ್ಟು ಬಂದಿತ್ತು, ಅಳು ಬಂದಿತ್ತು. ಇಷ್ಟು ದಿನ ತಾನು ಇಡೀ ಮನೆಯ ನಿದ್ದೆಯನ್ನು ಒಬ್ಬಳೇ ಮಲಗಿ ಮುಗಿಸಿದ್ದೆ ಎಂದು ನಾಚಿಕೆಯೂ ಆಗಿತ್ತು.

"ಎಷ್ಟು ದಿನದಿಂದ ನಿದ್ದೆ ಇಲ್ಲ ನಿಮಗೆ?"

"ಯಾರು ಹೇಳಿದ್ರು?" ಎಂದಳು ಅತ್ತೆ.

"ಉಕ್ಕಿದ ಹಾಲು ಹೇಳ್ತು."

ಮಾವ ಬಾಗಿಲಿಗೆ ಬಂದ. "ನಮ್ಮ ವಯಸ್ಸಲ್ಲಿ ನಿದ್ದೆ ಯಾಕಮ್ಮ, ಮುಂದೆ ಬೇಕಾದಷ್ಟು ಮಲಗೋದು ಇದ್ದೇ ಇದೆ."

"ಮಾವ, ತಮಾಷೆ ಬೇಡ. ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮತ್ತೆ ಕಣ್ಣು ಬಿಟ್ಕೊಂಡು ಮಲಗ್ತಿದ್ದೆ" ಎಂದಳು ಅತ್ತೆ. ಅವಳ ದನಿಯೂ ಏರಿತ್ತು. "ಆಸ್ಪತ್ರೇಲಿ ಯಾರ ಕೈಗೆ ಏನು ಚುಚ್ತಿದ್ದೆಯೋ. ನನ್ನ ಮಗ ನಂಗೆಲ್ಲ ಹೇಳಿದಾನೆ. ಒಂದು ಮನೇಲಿ ಮೂರು ಜನ ತೂಕಡಿಸಿದ್ರೆ ಹಾಲು ಉಕ್ಕುತ್ತೆ. ನೀನು ತೂಕಡಿಸಿದ್ರೆ?"

ನರ್ಸು ಅತ್ತೆಯ ಕೈಯಿಂದ ಸೌಟು ಕಿತ್ತುಕೊಂಡು ತಾನೇ ಅಡುಗೆ ಮಾಡಿದಳು.

ಸಂಜೆ ಸೀಲಿಂಗ್‌ನವನು ತಲೆಕೂದಲಲ್ಲೆಲ್ಲ ಬಿಳಿ ಪುಡಿ ಹೊತ್ತು ಬಂದ. ವಿಷಯ ಕೇಳಿ ಸ್ಟೂಲಿನ ಮೇಲೆ ಕೂತ. "ಹಾಗಾದ್ರೆ ನನ್ನ ಸೀಲಿಂಗು..."

"ಪಾಸೂ ಅಲ್ಲ, ಫೇಲೂ ಅಲ್ಲ. ಪರೀಕ್ಷೆಗೇ ಕೂತಿಲ್ಲ" ಎಂದ ಅಪ್ಪ.

ಆ ರಾತ್ರಿ ನರ್ಸು ಹೊರಡುವ ಮೊದಲು ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಳು, "ಇವತ್ತು ರಾತ್ರಿ ಮಿಷನ್ ಮುಟ್ಟಿದ್ರೆ ನನ್ನಾಣೆ. ಬೆಳಿಗ್ಗೆ ನಾನು ಬಂದ್ಮೇಲೆ ಹೊಲಿ."

ಬೆಳಿಗ್ಗೆ ಬಂದವಳು ಮುಖ ತೊಳೆದಳು, ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ ತಿಂದಳು, ಮಲಗಿದಳು. ಮೂಳೆ ಮೂಳೆಯೂ ನಿದ್ದೆ ಬೇಡುತ್ತಿತ್ತು. ಗಂಡ ಕೆಲಸಕ್ಕೆ ಹೋಗದೆ ಬಾಗಿಲಲ್ಲಿ ನಿಂತ. ಅವನ ಹಿಂದೆ ಅಪ್ಪ, ಮೆಟ್ಟಿಲ ಬುಡದಲ್ಲಿ ಅತ್ತೆ. ಅತ್ತೆ ತಲೆ ಎತ್ತಿ, "ಹೂಂ, ಹೊಲಿ!" ಎಂದು ಕೂಗಿದಳು.

ಮೇಲೆ ಮಿಷನ್ ಶುರುವಾಯಿತು.

ಮಂಚ ಅಲುಗಲಿಲ್ಲ. ಕಟಕಟ ಇಲ್ಲ, ಗುಡುಗುಡು ಇಲ್ಲ. ಆದರೆ ಇತ್ತು. ಬೀದಿಯ ಆ ತುದಿಯ ಮನೆಯಲ್ಲಿ ಯಾರೋ ಹೊಲಿಯುತ್ತಿರುವ ಹಾಗೆ, ಸಣ್ಣಗೆ, ಬಿಟ್ಟು ಬಿಟ್ಟು.

"ಕೇಳುತ್ತಾ?" ಎಂದ ಗಂಡ.

ಇಲ್ಲ ಎಂದುಬಿಟ್ಟರೆ ಮುಗಿಯಿತು. ಅವನು ಹೆಮ್ಮೆಯಿಂದ ಕೆಲಸಕ್ಕೆ ಹೋಗುತ್ತಾನೆ, ಮುದುಕ ಜಗುಲಿಗೆ ಹೋಗುತ್ತಾನೆ, ಮೇಲಿನವಳು ಹಗುರವಾಗುತ್ತಾಳೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಮನೆಯಲ್ಲಿ ಇಷ್ಟು ದಿನ ಎಲ್ಲರೂ ಎಲ್ಲರಿಗೂ ಅಂಥ ಮಾತನ್ನೇ ಹೇಳಿಕೊಂಡು ಬಂದಿದ್ದರು.

"ಕೇಳುತ್ತೆ" ಎಂದಳು.

ಗಂಡನ ಭುಜ ಇಳಿದುಹೋಯಿತು. "ಕೇಳುತ್ತಂತೆ!" ಎಂದು ಅತ್ತೆ ಮೇಲಕ್ಕೆ ಕೂಗಿದಳು. ಮಿಷನ್ ತಕ್ಷಣ ನಿಂತಿತು.

"ಅಯ್ಯೋ ಅತ್ತೆ, ಪೂರ್ತಿ ಕೇಳಿಸ್ಕೊಳ್ಳಿ!" ನರ್ಸು ಮೊಣಕೈ ಊರಿ ಎದ್ದಳು. "ಕೇಳುತ್ತೆ, ಸ್ವಲ್ಪ. ಇದರಲ್ಲಿ ನಿದ್ದೆ ಬರುತ್ತೋ ಇಲ್ವೋ ನಂಗೂ ಗೊತ್ತಿಲ್ಲ. ಬರ್ಲಿಲ್ಲ ಅಂದ್ರೆ ನಾನೇ ಮೇಲೆ ಹೋಗಿ ಅವಳಿಗೆ ಹೇಳ್ತೀನಿ. ಅಲ್ಲೀವರೆಗೆ ನಿಲ್ಲಿಸ್ಬೇಡ ಅನ್ನಿ."

"ನಾಲ್ಕನೇದು ಹಾಕೋಣ್ವಾ?" ಎಂದ ಮುದುಕ ಮಗನಿಗೆ, ಮೆಲ್ಲಗೆ.

"ಹಾಕಿದ್ರೆ ತಲೆ ತಾಗುತ್ತಪ್ಪ" ಎಂದ ಮಗ. ಬಾಯಲ್ಲಿ ಸ್ಕ್ರೂ ಇರಲಿಲ್ಲ.

ಎಲ್ಲರೂ ಹೋದರು. ನರ್ಸು ಮತ್ತೆ ಒರಗಿದಳು. ಮೇಲೆ ಇನ್ನೂ ಸದ್ದಿಲ್ಲ. ಅವಳು ಕಣ್ಣು ಬಿಟ್ಟುಕೊಂಡು ಬಿಳಿ ಸೀಲಿಂಗನ್ನೇ ನೋಡುತ್ತಾ ಕಾದಳು.

"ಹೊಲಿಯೇ, ಮಹಾರಾಯ್ತಿ" ಎಂದಳು, ತನ್ನಷ್ಟಕ್ಕೆ.

ತುಸು ಹೊತ್ತಿನ ಮೇಲೆ ಬೀದಿಯ ಆ ತುದಿಯಲ್ಲಿ ಯಾರೋ ಹೊಲಿಯತೊಡಗಿದರು. ಅವಳು ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದಳು.